ಬಲಗಡೆಯ ತೆನೆಗಳು

ಬೂದಿಯಕ್ಕ ಎಂಬ ಹೆಸರು ಕೇಳಿದ ಹೊಸಬರು, ಮೈಗೆಲ್ಲ ಬೂದಿ ಬಳಿದುಕೊಂಡ ಯಾವುದೋ ಹೆಂಗಸಿರಬೇಕೆಂದು ಶಾಲೆಯ ಅಡುಗೆಮನೆಗೆ ಇಣುಕಿ ನೋಡುತ್ತಿದ್ದರು. ಹಾಗೇನೂ ಇಲ್ಲ. ಒಗೆದು ಒಗೆದು ಬಣ್ಣ ಬಿಟ್ಟ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮುಂಗೈ ಮೇಲೆ ಎಣ್ಣೆ ಸಿಡಿದ ಹಳೇ ಕಲೆಗಳು. ನೂರಾ ನಲವತ್ತು ಮಕ್ಕಳಿಗೆ ದಿನಾ ಮಧ್ಯಾಹ್ನ ಬೇಯಿಸಿ ಹಾಕುವ ಯಾವ ಹೆಂಗಸಾದರೂ ಹೀಗೇ ಇರುತ್ತಾಳೆ. ಬೂದಿಯ ಹೆಸರು ಬಂದದ್ದು ಜೋಳದಿಂದ. ಒಣಗಿದ ಮುಸುಕಿನ ಜೋಳವನ್ನು ಬರೀ ನೀರಲ್ಲಿ ಬೇಯಿಸಿದರೆ ಸಿಪ್ಪೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಪ್ರಾಣ ತಿನ್ನುತ್ತದೆ. ಕಟ್ಟಿಗೆಯ ಬೂದಿಯನ್ನು ಜರಡಿ ಹಿಡಿದು, ಎರಡು ಬೊಗಸೆಯಷ್ಟನ್ನು ನೀರಿಗೆ ಕದಡಿ, ಅದರಲ್ಲಿ ಕಾಳು ಕುದಿಸಬೇಕು. ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಜಾರಿ ಬರುವಷ್ಟು ಹೊತ್ತು. ಹೆಚ್ಚಾದರೆ ಕಾಳು ಅಂಟು, ಕಡಿಮೆಯಾದರೆ ಕಲ್ಲು. ಆಮೇಲೆ ಬುಟ್ಟಿಗೆ ಸುರಿದು ಉಜ್ಜಿ ಉಜ್ಜಿ ಏಳು ನೀರು ತೊಳೆಯಬೇಕು. ಐದಲ್ಲ, ಆರಲ್ಲ, ಏಳು. ಆರಕ್ಕೇ ಕೈ ತೊಳೆದುಕೊಂಡವರ ಕಾಳಿನಲ್ಲಿ ಸಾಬೂನಿನ ರುಚಿ ಉಳಿಯುತ್ತದೆ, ಬೇಕಾದರೆ ಮಾಡಿ ನೋಡಿ.

ಪ್ರತಿ ಶನಿವಾರ ಅವಳು ಶಾಲೆಯಲ್ಲಿ ಹೀಗೆ ಜೋಳ ಬೇಯಿಸಿ, ಉಪ್ಪು ಈರುಳ್ಳಿ ಕಲಸಿ ಹಾಕುತ್ತಿದ್ದಳು. ಶಾಲೆಯಲ್ಲಿ ಗ್ಯಾಸ್ ಒಲೆ, ಬೂದಿ ಎಲ್ಲಿಂದ ಬರಬೇಕು? ಅದನ್ನು ಮನೆಯ ಒಲೆಯಿಂದ ಹಳೇ ಹಾಲಿನಪುಡಿ ಡಬ್ಬಿಯಲ್ಲಿ ತುಂಬಿ ಶುಕ್ರವಾರ ಸಂಜೆ ತಂದುಕೊಡುತ್ತಿದ್ದವನು ಅವಳ ಗಂಡ.

ಗಂಡನದು ಮನೆಯ ಹಿಂದೆ ಅರ್ಧ ಎಕರೆಗೆ ಒಂದಿಷ್ಟು ಕಡಿಮೆ ನೆಲ. ಅಕ್ಕಪಕ್ಕದವರೆಲ್ಲ ಪ್ಯಾಕೆಟ್ ಬೀಜದ ಹಳದಿ ಜೋಳಕ್ಕೆ ತಿರುಗಿ ಇಪ್ಪತ್ತು ವರ್ಷವಾಗಿದ್ದರೂ ಈ ಪುಣ್ಯಾತ್ಮ ಮಾತ್ರ ಅಪ್ಪ ಬಿಟ್ಟುಹೋದ ಕರಿ ಜೋಳವನ್ನು ಬಿಟ್ಟಿರಲಿಲ್ಲ. ಮಾಗಿದಾಗ ನೇರಳೆ ಹಣ್ಣಿನ ಬಣ್ಣ. ಇಳುವರಿ ಕೇಳಬೇಡಿ, ಹಳದಿಯ ಅರ್ಧವೂ ಇಲ್ಲ. ರುಚಿ ಕೇಳಿ. ಊರೆಲ್ಲ ಬಿತ್ತಿ ಇಪ್ಪತ್ತು ದಿನವಾದ ಮೇಲೆ ಇವನು ಬಿತ್ತುತ್ತಿದ್ದ. ಸೋಮಾರಿ ಎಂದು ನಕ್ಕವರೇ ಎಲ್ಲ. ಅದು ಸೋಮಾರಿತನವಲ್ಲ ಮಾರಾಯರೇ. ಜೋಳದ ತುದಿಯಲ್ಲಿ ಬರುವ ಹೂ ಗಾಳಿಗೆ ಪುಡಿ ಉದುರಿಸುತ್ತದೆ. ಆ ಪುಡಿ ನಾಲ್ಕು ಹೊಲ ದಾಟಿ ಬಂದು ನಿಮ್ಮ ತೆನೆಯ ಕೂದಲಿಗೆ ಅಂಟಿಕೊಂಡರೆ ಬೀಜ ಬೆರಕೆಯಾಯಿತು ಎಂದೇ ಲೆಕ್ಕ. ಎರಡು ವರ್ಷದಲ್ಲಿ ಕರಿ ತೆನೆಯೊಳಗೆ ಹಳದಿ ಕಾಳುಗಳು ಹಲ್ಲು ಕಿಸಿಯುತ್ತವೆ. ಪಕ್ಕದವರ ಹೂ ಒಣಗಿದ ಮೇಲೆ ತನ್ನದು ಅರಳಲಿ ಎಂದು ಅವನು ಕಾಯುತ್ತಿದ್ದ.

ಬೀಜದ ತೆನೆಯನ್ನು ಕೊಯ್ದ ರಾಶಿಯಿಂದ ಆರಿಸುವವನಲ್ಲ ಅವನು. ಪೈರು ನಿಂತಿರುವಾಗಲೇ ಸಾಲು ಸಾಲು ನಡೆದು, ಬೇಕಾದ ಗಿಡಕ್ಕೆ ಹಳೇ ಅಂಗಿಯ ನೀಲಿ ಚಿಂದಿ ಕಟ್ಟುತ್ತಿದ್ದ. ಕೊಯ್ದ ಮೇಲೆ ಆ ತೆನೆಗಳ ಮುಸುಕನ್ನು ಹಿಂದಕ್ಕೆ ಮಡಚಿ, ಎರಡೆರಡು ತೆನೆಯನ್ನು ಅದೇ ಚಿಂದಿಯಲ್ಲಿ ಜೋಡಿ ಕಟ್ಟಿ, ಒಲೆಯ ಮೇಲಿನ ಗಳಕ್ಕೆ ತೂಗುಹಾಕುತ್ತಿದ್ದ. ಹೊಗೆ ಹತ್ತಿದರೆ ಹುಳ ಹತ್ತಿರ ಸುಳಿಯದು. ಗಳದ ಎಡಗಡೆ ತಿನ್ನುವ ತೆನೆ, ಬಲಗಡೆ ಬೀಜದ ತೆನೆ. ಇಳಿಸಿಕೊಡುವವನು ಅವನು, ಕಾಳು ಬಿಡಿಸುವವಳು ಇವಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಆ ಗಳಕ್ಕೆ ಒಂದು ದಿನವೂ ಕೈ ಹಾಕಿದವಳಲ್ಲ. ಹಾಕುವ ಪ್ರಸಂಗವೇ ಬಂದಿರಲಿಲ್ಲ.

ಅವನು ಹೋದದ್ದು ಕೊಯ್ಲು ಮುಗಿದ ಮರುತಿಂಗಳು. ಬೆಳಿಗ್ಗೆ ಟೀ ಕುಡಿದ, ಲೋಟ ಪಕ್ಕಕ್ಕಿಟ್ಟ, ಗೋಡೆಗೆ ಒರಗಿದ. ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು, “ಬರ್ತೀನಿ ಕಣ್ರೀ” ಎಂದಳು. ಉತ್ತರ ಬರಲಿಲ್ಲ. ಇನ್ನೊಂದು ಸಲ ಹೇಳಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಷ್ಟೇ. ಇದರಲ್ಲಿ ಹೇಳುವಂಥದ್ದು ಇನ್ನೇನೂ ಇಲ್ಲ.

ಅವಳಿಗೆ ಆಗ ಏನೂ ಅನಿಸಲಿಲ್ಲ. ಜನ ಬಂದರು, ಅತ್ತರು, ತಬ್ಬಿಕೊಂಡರು. ಕಾಲು ಮಡಚಿಕೊಂಡು ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ ಆಗಿತ್ತು. ಅಳುವ ಕೆಲಸವನ್ನೆಲ್ಲ ನಾದಿನಿಯೇ ವಹಿಸಿಕೊಂಡಿದ್ದಳು. ಈ ನಾದಿನಿ ಗಂಡನ ಒಬ್ಬಳೇ ತಂಗಿ, ಎರಡು ಬೀದಿ ಆಚೆ ಮನೆ. ಐವತ್ತೆರಡು ವರ್ಷ, ಎರಡು ಮೊಮ್ಮಕ್ಕಳು, ಮಂಡಿನೋವು. ಆದರೂ ತವರಿನವರ ಬಾಯಲ್ಲಿ ಇವತ್ತಿಗೂ ಪಾಪು. “ಅಣ್ಣಾ, ನನ್ನ ಬಿಟ್ಟು ಹೋದ್ಯಲ್ಲೋ” ಎಂದು ಅವಳು ಎದೆ ಬಡಿದುಕೊಳ್ಳುತ್ತಿದ್ದರೆ, ಹೆಂಡತಿ ಒಣಗಣ್ಣು ಬಿಟ್ಟುಕೊಂಡು ಕೂತಿದ್ದಾಳೆ. ಬಂದ ಹೆಂಗಸರಿಗೆ ಇಷ್ಟು ಸಾಕಲ್ಲ. “ಕಲ್ಲು ಕಣ್ರೀ, ಕಲ್ಲು” ಎಂದು ಮೂಗು ಮುರಿದರು. ಬೂದಿಯಕ್ಕನ ಕಿವಿಗೂ ಅದು ಬಿತ್ತು. ಅದಕ್ಕೂ ಏನೂ ಅನಿಸಲಿಲ್ಲ.

ಮಣ್ಣು ಮಾಡಿ ಬಂದವರಿಗೆ ಊಟ ಹಾಕಬೇಕಲ್ಲ. ಅರವತ್ತು ಜನ. ಅಡುಗೆ ಎಂದ ಕೂಡಲೇ ಅವಳ ಕೈಗೆ ದಾರಿ ಸಿಕ್ಕಿತು. ಒಲೆ ಹಚ್ಚಿದಳು, ಬೂದಿ ಜರಡಿ ಹಿಡಿದಳು. ಯಾರೋ ಸ್ಟೂಲು ಹತ್ತಿ ತೆನೆ ಇಳಿಸಿಕೊಟ್ಟರು, ಇವಳು ಗಂಟು ಬಿಚ್ಚಿದಳು, ಕಾಳು ಬಿಡಿಸಿದಳು, ಕುದಿಸಿದಳು, ಏಳು ನೀರು ತೊಳೆದಳು. ಉಪ್ಪು ಕೂಡ ಹದವಾಗಿ ಬಿದ್ದಿತ್ತು. “ಇಂಥ ದಿನದಲ್ಲೂ ಎಂಥ ಕೈ ನೋಡಿ” ಎಂದು ಉಂಡವರೊಬ್ಬರು ಹೊಗಳಿದರು. ಹೊಗಳಬಾರದಿತ್ತು, ಆದರೆ ಹೊಟ್ಟೆ ತುಂಬಿದಾಗ ನಾಲಿಗೆಗೆ ಬುದ್ಧಿ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಒಲೆಯ ಪಕ್ಕದಲ್ಲಿ ನೀಲಿ ಚಿಂದಿಗಳ ಗುಡ್ಡೆ ಬಿದ್ದಿತ್ತು. ಪೊರಕೆ ಹಿಡಿದುಕೊಂಡೇ ತಲೆ ಎತ್ತಿ ನೋಡಿದಳು. ಗಳ ಎಡಗಡೆಯೂ ಖಾಲಿ, ಬಲಗಡೆಯೂ ಖಾಲಿ. ಮೊರ ನೋಡಿದಳು, ಬುಟ್ಟಿ ನೋಡಿದಳು, ಒಲೆಯ ಹಿಂದೆ ಕೈ ಹಾಕಿ ತಡಕಿದಳು. ಒಂದು ಕಾಳೂ ಸಿಗಲಿಲ್ಲ. ಗಂಡನ ಅಪ್ಪ, ಅವನ ಅಪ್ಪ, ಅದಕ್ಕೂ ಹಿಂದಿನವರು ಯಾರೋ, ಎಲ್ಲರ ಕೈ ದಾಟಿ ಬಂದ ಬೀಜವನ್ನು ಅವಳು ಒಂದೇ ಮಧ್ಯಾಹ್ನ ಉಪ್ಪು ಹಾಕಿ ಊರಿಗೆ ಬಡಿಸಿದ್ದಳು. ಚಿಂದಿಗಳನ್ನು ಬಾಚಿ ಒಲೆಗೆ ಹಾಕಿದಳು. ಅತ್ತಳೇ ಎಂದರೆ, ಇಲ್ಲ. ಅಯ್ಯೋ ಎಂದೂ ಅನ್ನಲಿಲ್ಲ. ಮುಖ ತೊಳೆದುಕೊಂಡು ಶಾಲೆಗೆ ಹೋದಳು. ಹೆಡ್‌ಮಾಸ್ಟರು ಹತ್ತು ದಿನ ರಜೆ ತಗೋಮ್ಮ ಎಂದರೂ ಕೇಳಲಿಲ್ಲ.

ಆಮೇಲಿನ ತಿಂಗಳುಗಳು ಹೇಗೆ ಕಳೆದವೆಂದು ಕೇಳಿದರೆ ಅವಳಿಗೇ ಹೇಳಲು ಬರುವುದಿಲ್ಲ. ಬೆಳಿಗ್ಗೆ ಎದ್ದಳು, ಬೇಯಿಸಿದಳು, ಬಡಿಸಿದಳು, ಪಾತ್ರೆ ತಿಕ್ಕಿದಳು, ಮನೆಗೆ ಬಂದಳು, ಮಲಗಿದಳು. ಒಮ್ಮೆ ಬಿಸಿ ಮುಚ್ಚಳವನ್ನು ಬರಿಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಟೀಚರೊಬ್ಬರು ಬಂದು ಕಿತ್ತುಕೊಂಡ ಮೇಲೇ ಅಂಗೈ ಸುಟ್ಟದ್ದು ಗೊತ್ತಾದದ್ದು. ಯಾರು ಏನು ಹೇಳಿದರೂ “ಆಯ್ತು” ಎನ್ನುತ್ತಿದ್ದಳು. ಶನಿವಾರದ ಜೋಳ ನಿಂತುಹೋಗಿತ್ತು. ಮಕ್ಕಳು ಒಂದೆರಡು ವಾರ ಕೇಳಿ, ಆಮೇಲೆ ಮರೆತವು. ಅಡುಗೆ ಮಾತ್ರ ಒಂದು ದಿನವೂ ಕೆಡಲಿಲ್ಲ, ಪಾತ್ರೆ ಒಂದು ದಿನವೂ ತಳ ಹಿಡಿಯಲಿಲ್ಲ.

ಆ ಜೋಮಿನೊಳಗೂ ಒಂದೇ ಒಂದು ಮುಳ್ಳು ಚುಚ್ಚುತ್ತಿತ್ತು. ಅದು ನಾದಿನಿ. ಅವಳ ಹಿತ್ತಿಲು ಹಳದಿ ಜೋಳದ ಹೊಲಗಳ ನಟ್ಟನಡುವೆ. ಅಲ್ಲಿ ಬೀಜ ಬೆರಕೆಯಾಗದೆ ಉಳಿಯುವುದೇ ಇಲ್ಲ. ಹಾಗಾಗಿ ಪ್ರತಿ ವರ್ಷ ಅಣ್ಣನ ಗಳದಿಂದಲೇ ಹೊಸ ಬೀಜ ಒಯ್ಯುತ್ತಿದ್ದಳು. ಅಣ್ಣ ಹೋದ ಮೇಲೂ ಬರುತ್ತಿದ್ದಳು. ಬಂದವಳು ಬಾಗಿಲಲ್ಲೇ ಕೂತು, ಮಂಡಿ ನೀವಿಕೊಳ್ಳುತ್ತಾ ಅದೇ ಮಾತು.

“ಅತ್ತಿಗೆ, ಬೀಜ ಇದೆ ತಾನೆ?”

“ಇದೆ.”

“ಎಲ್ಲಿಟ್ಟಿದ್ದೀಯ? ಗಳದ ಮೇಲೆ ಕಾಣಲಿಲ್ಲ.”

“ಮಡಕೆಲಿ ಹಾಕಿ ಅಟ್ಟದ ಮೇಲಿಟ್ಟಿದ್ದೀನಿ. ಇಲಿ ಕಾಟ.”

“ಸರಿ ಬಿಡು. ಇದ್ರೆ ಸಾಕು.”

ಬಿತ್ತನೆಯ ಕಾಲ ಬಂದಾಗ ಮತ್ತೆ ಬಂದಳು. ಅವರು ತೀರಿಹೋದ ವರ್ಷ ಬಿತ್ತೋದು ಬೇಡ, ನೆಲ ಆರಲಿ, ನೀನೂ ಬಿತ್ತಬೇಡ ಎಂದು ಬೂದಿಯಕ್ಕ ಬಾಯಿಗೆ ಬಂದ ಸುಳ್ಳು ಹೇಳಿದಳು. ಊರು ಅದನ್ನೂ ನಂಬಿತು. ಕಲ್ಲು ಎಂದು ಮೂಗು ಮುರಿದವರೇ ಈಗ, ಪಾಪ, ಗಂಡನ ಮೇಲೆ ಎಷ್ಟು ಪ್ರೀತಿ ನೋಡಿ, ಹೊಲ ಉಳುವುದಕ್ಕೂ ಮನಸ್ಸಿಲ್ಲ ಎಂದು ಲೊಚಗುಟ್ಟಿದರು. ಊರಿನ ಬಾಯಿಗೆ ಏನು ಹಾಕಿದರೂ ಅಗಿಯುತ್ತದೆ. ಹೊಲದ ತುಂಬ ಕಳೆ ಎದ್ದಿತು. ಮುಂದಿನ ವರ್ಷ ಯಾವ ಸುಳ್ಳು ಹೇಳುವುದು ಎಂಬುದೊಂದೇ ಅವಳ ತಲೆಯಲ್ಲಿ ಉಳಿದ ಯೋಚನೆ. ಅಣ್ಣನ ಕೊನೆಯ ಗುರುತನ್ನೂ ಬೇಯಿಸಿಬಿಟ್ಟೆ ಎಂದು ಆ ಪಾಪುವಿನ ಮುಖ ನೋಡಿ ಹೇಳುವುದು ಅವಳಿಂದ ಸಾಧ್ಯವಿರಲಿಲ್ಲ.

ಶಾಲೆಯ ಅಡುಗೆಮನೆಯ ಕಿಟಕಿಗೆ ಎದುರಾಗಿ, ಕಾಂಪೌಂಡಿನ ಒಳಗೆ, ತೋಟದ ಟೀಚರು ಮಕ್ಕಳಿಂದ ನಾಲ್ಕು ಪಾತಿ ಮಾಡಿಸಿದ್ದರು. ವಿಜ್ಞಾನ ಹೇಳುವ ಹುಡುಗಿ, ಆದರೆ ತೋಟದ ಹುಚ್ಚು ಹೆಚ್ಚಿದ್ದರಿಂದ ಎಲ್ಲರಿಗೂ ತೋಟದ ಟೀಚರೇ. ಮೂಲಂಗಿ, ಟೊಮೆಟೊ, ಒಂದಿಷ್ಟು ಸೊಪ್ಪು, ಮೂಲೆಯ ಪಾತಿಯಲ್ಲಿ ಇಪ್ಪತ್ತನಾಲ್ಕು ಜೋಳದ ಗಿಡ. ಬೂದಿಯಕ್ಕ ಪಾತ್ರೆ ತಿಕ್ಕುತ್ತಾ ದಿನಾ ಅತ್ತ ನೋಡುತ್ತಿದ್ದಳು. ನೋಡುವುದೆಂದರೆ ಕಣ್ಣು ಅತ್ತ ಇರುತ್ತಿತ್ತು, ಅಷ್ಟೇ. ಗಿಡ ಮಂಡಿಯೆತ್ತರ ಬಂತು, ಎದೆಯೆತ್ತರ ಬಂತು, ಹೂ ಬಂತು. ಒಂದು ದಿನ ತೆನೆಯ ತುದಿಯಲ್ಲಿ ಕೂದಲು ಹೊರಬಿತ್ತು. ಹಳದಿ ಜೋಳದ ಕೂದಲು ತಿಳಿಹಸಿರು. ಇದು ಗಾಢ ಕೆಂಪು, ದಂಟಿನ ಮೇಲೂ ಕೆಂಪು ಛಾಯೆ. ಕೈಯಲ್ಲಿದ್ದ ಸೌಟು ಕೈಯಲ್ಲೇ ನಿಂತಿತು. ನೀರು ಬಿಟ್ಟ ನಲ್ಲಿಯನ್ನು ಹಾಗೇ ಬಿಟ್ಟು ಟೀಚರ ಹತ್ತಿರ ಹೋದಳು.

“ಟೀಚರೇ, ಆ ಜೋಳದ ಬೀಜ ಎಲ್ಲಿಂದ ತಂದ್ರಿ?”

ಒಂದು ಪೂರ್ತಿ ವಾಕ್ಯ ಅವಳ ಬಾಯಿಂದ ಬಂದು ಎಷ್ಟು ದಿನವಾಗಿತ್ತೋ. ಟೀಚರು ಹಾಜರಿ ಪುಸ್ತಕ ಮುಚ್ಚಿದರು.

“ಅಯ್ಯೋ ಅಕ್ಕ, ನಿಮ್ಮ ಯಜಮಾನ್ರೇ ಕೊಟ್ಟಿದ್ದು. ಹೋದ ವರ್ಷ ಬೂದಿ ಕೊಡೋಕೆ ಬಂದಾಗ ಒಂದು ಹಿಡಿ ಕೊಟ್ಟು, ಎಲ್ಲರೂ ಬಿತ್ತಿ ಇಪ್ಪತ್ತು ದಿನ ಬಿಟ್ಟು ಹಾಕಿ ಟೀಚರೇ, ಮುಂಚೆ ಹಾಕಿದ್ರೆ ನನ್ನಾಣೆ ಅಂದಿದ್ರು. ಚಾಕ್‌ಪೀಸ್ ಡಬ್ಬೀಲಿ ಇಟ್ಟಿದ್ದೆ. ನಿಮಗೆ ಹೇಳೋಣ ಅನ್ಕೊಂಡೆ, ಮನಸ್ಸಿಗೆ ಬೇಜಾರಾಗುತ್ತೇನೋ ಅಂತ ಸುಮ್ನಾದೆ.”

“ಇಪ್ಪತ್ತು ದಿನ ಬಿಟ್ಟೇ ಹಾಕಿದ್ರಾ?”

“ಇಪ್ಪತ್ತೆರಡು.”

“ಆಯ್ತು” ಎಂದು ಬೂದಿಯಕ್ಕ ಅಡುಗೆಮನೆಗೆ ವಾಪಸು ಬಂದಳು. ಸಂತೋಷವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವತ್ತಿನಿಂದ ಕಿಟಕಿಯ ಹತ್ತಿರ ನಿಂತಾಗ ಅವಳು ಗಿಡಗಳನ್ನು ಎಣಿಸುತ್ತಿದ್ದಳು, ಅಷ್ಟು ಮಾತ್ರ. ಇಪ್ಪತ್ತನಾಲ್ಕು. ಮರುದಿನವೂ ಇಪ್ಪತ್ತನಾಲ್ಕು. ಇವು ಮಾಗಿ ಒಣಗಿದರೆ ಬೀಜ ಮಡಕೆಗೆ ಬರುತ್ತದೆ, ಪಾಪುವಿಗೆ ಹೇಳಿದ ಸುಳ್ಳು ತಾನಾಗಿಯೇ ನಿಜವಾಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಅವಳ ಲೆಕ್ಕಾಚಾರ ಹೀಗಿತ್ತು. ಇಷ್ಟು ಸಲೀಸಾಗಿ ಮುಗಿಯುವ ಲೆಕ್ಕಾಚಾರವನ್ನು ನಾನಂತೂ ಎಲ್ಲೂ ಕಂಡಿಲ್ಲ.

ಕೂದಲು ಬಂದು ಮೂರು ವಾರ ಆಗಿರಬೇಕು. ಹೆಡ್‌ಮಾಸ್ಟರು ಅಡುಗೆಮನೆಯ ಬಾಗಿಲಿಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಮೇಲಿನವರು ಬರುತ್ತಾರೆ ಎಂದರೆ ಮೈಯೆಲ್ಲ ಬೆವರುವ ಜಾತಿ.

“ನೋಡಮ್ಮ, ಗುರುವಾರ ಮೇಲಿನ ಆಫೀಸಿಂದ ಸಾಹೇಬರು ಬರ್ತಾರೆ. ಶಾಲೆ ತೋಟ ನೋಡೋಕೇ ಅಂತ ಬರೋದು. ತೋಟದಲ್ಲಿ ಬೆಳೆದದ್ದನ್ನೇ ಅವರಿಗೆ ಕೊಡ್ಬೇಕು. ಆ ಜೋಳ ಈಗ ಹಾಲುಗಾಳು ಅಲ್ವಾ? ಬೆಳಿಗ್ಗೆನೇ ಎಲ್ಲಾ ಕೊಯ್ದು ಬೇಯಿಸಿಬಿಡು. ಅವರಿಗೂ ಆಗುತ್ತೆ, ದೊಡ್ಡ ತರಗತಿ ಮಕ್ಕಳಿಗೂ ಒಂದೊಂದು ತುಂಡು ಆಗುತ್ತೆ.”

“ಆಯ್ತು ಸಾರ್.”

ಆಯ್ತು ಎನ್ನುವುದು ಅವಳ ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು. ಅವರು ಹೋದ ಮೇಲೆ ತಾನು ಏನು ಒಪ್ಪಿಕೊಂಡೆ ಎಂದು ಯೋಚಿಸಿದಳು. ಯೋಚಿಸಿದರೂ ಎದ್ದು ಹೋಗಿ ಬೇಡ ಎನ್ನುವಷ್ಟು ಕಸುವು ಬರಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಎಲ್ಲವನ್ನೂ ಹೇಳಬೇಕಾಗುತ್ತದೆ.

ಗುರುವಾರ ಬೆಳಿಗ್ಗೆ ಬುಟ್ಟಿ, ಕುಡುಗೋಲು ಹಿಡಿದುಕೊಂಡು ಪಾತಿಗೆ ಹೋದಳು. ಕೈ ಕೆಲಸ ಶುರು ಮಾಡಿತು. ಒಂದು ತೆನೆ, ಎರಡು ತೆನೆ, ಮೂರು. ಬುಟ್ಟಿಗೆ ಬಿದ್ದ ಸದ್ದು ಕೇಳುತ್ತಿತ್ತು, ಬೇರೇನೂ ಇಲ್ಲ. ಏಳನೆಯದನ್ನು ಕೊಯ್ದಾಗ ಅದರ ಮುಸುಕು ಅರ್ಧ ಹರಿದು ಬಂತು. ಬಿಳೀ ಎಳೆಗಾಳು. ಅಲ್ಲೊಂದು ಇಲ್ಲೊಂದಕ್ಕೆ ಮಾತ್ರ ನೆತ್ತಿಯಲ್ಲಿ ಕೆಂಪು ಹತ್ತಿತ್ತು. ಉಗುರು ಒತ್ತಿದಳು, ಹಾಲು ಚಿಮ್ಮಿ ಕೆನ್ನೆಗೆ ಸಿಡಿಯಿತು. ಆಗ ಅವಳಿಗೆ ತನ್ನ ಕೈ ಕಂಡಿತು. ಅವತ್ತೂ ಇದೇ ಕೈ ಹೀಗೇ ಕೆಲಸ ಮಾಡಿತ್ತು, ಯಾರೂ ತಡೆದಿರಲಿಲ್ಲ. ಇವತ್ತೂ ಯಾರೂ ತಡೆಯುವುದಿಲ್ಲ. ಕುಡುಗೋಲನ್ನು ಬುಟ್ಟಿಗೆ ಹಾಕಿ ನೇರ ಹೆಡ್‌ಮಾಸ್ಟರ ಕೋಣೆಗೆ ನಡೆದಳು.

ಅವರು ಮೇಜಿನ ಮೇಲೆ ಹೊಸ ಬಟ್ಟೆ ಹಾಸುತ್ತಿದ್ದರು.

“ಸಾರ್, ನಾನು ಜೋಳ ಕೊಯ್ಯಲ್ಲ.”

“ಅಂದ್ರೆ? ಏನಮ್ಮ ಇದು, ಹನ್ನೊಂದಕ್ಕೆ ಬರ್ತಾರೆ ಅವರು! ಹೊತ್ತಲ್ಲದ ಹೊತ್ತಲ್ಲಿ ತಮಾಷೆನಾ?”

“ಬೀಜಕ್ಕೆ ಬೇಕು ಸಾರ್.”

“ಬೀಜ ಅಂಗಡೀಲಿ ಸಿಗಲ್ವಾ?”

“ಸಿಗಲ್ಲ. ಇದು ನಮ್ಮೋರು ಬೆಳೀತಿದ್ದ ಜೋಳ. ಮನೇಲಿ ಬೀಜ ಇತ್ತು. ಅವರು ಹೋದ ದಿನ ನಾನು ನೋಡದೆ ಅಷ್ಟನ್ನೂ ಬೇಯಿಸಿ ಬಂದವರಿಗೆ ಬಡಿಸಿಬಿಟ್ಟೆ. ನೀವೂ ಊಟ ಮಾಡಿದ್ರಿ ಸಾರ್. ಎರಡನೇ ಸಲ ಹಾಕಿಸ್ಕೊಂಡ್ರಿ. ಈಗ ಈ ಭೂಮಿ ಮೇಲೆ ಉಳಿದಿರೋದು ನಿಮ್ಮ ಪಾತೀಲಿ ನಿಂತಿರೋ ಹದಿನೇಳು ಗಿಡ. ಏಳು ನಾನೇ ಕೊಯ್ದೆ ಈಗ.”

ಒಂದೇ ಉಸಿರಿಗೆ, ದನಿ ಏರಿಸದೆ, ತರಕಾರಿ ಪಟ್ಟಿ ಓದುವವಳಂತೆ ಹೇಳಿ ನಿಂತಳು. ಹೆಡ್‌ಮಾಸ್ಟರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ತಿಂದದ್ದನ್ನು ಈಗ ವಾಪಸು ಕೊಡಲಾದೀತೇ. ಕೊನೆಗೆ ಸಣ್ಣ ದನಿಯಲ್ಲಿ, “ಹಾಗಾದ್ರೆ ಸಾಹೇಬರಿಗೆ ಏನು ಕೊಡೋದಮ್ಮ?” ಎಂದರು.

“ಬಸ್‌ಸ್ಟ್ಯಾಂಡ್ ಹತ್ರ ಗಾಡಿಯೋನು ಹಳದಿ ತೆನೆ ಮಾರ್ತಾನೆ. ತರಿಸಿ. ಬೆಂದ ಮೇಲೆ ಯಾವ ತೋಟದ್ದು ಅಂತ ತೆನೆ ಬಾಯಿ ಬಿಟ್ಟು ಹೇಳುತ್ತಾ?”

ಸಾಹೇಬರು ಬಂದರು, ಹಳದಿ ತೆನೆ ತಿಂದರು, ನಿಮ್ಮ ತೋಟದ ಜೋಳ ಸಕ್ಕರೆ ಕಣ್ರೀ ಎಂದು ಬರೆದು ಸಹಿ ಹಾಕಿ ಹೋದರು.

ಅಲ್ಲಿಂದ ಒಂದು ತಿಂಗಳಲ್ಲಿ ಹದಿನೇಳು ಗಿಡ ಮಾಗಿದವು. ಮುಸುಕು ಒಣಗಿ ಬಿಳುಚಿಕೊಳ್ಳುತ್ತಾ ಬಂತು. ಚಿಂದಿ ಕಟ್ಟುವ ಕಾಲ ಹತ್ತಿರ ಬಂತು, ಆಗ ಬೂದಿಯಕ್ಕನಿಗೆ ಒಂದು ವಿಷಯ ಹೊಳೆಯಿತು. ಬೀಜಕ್ಕೆ ಯಾವ ಗಿಡವನ್ನು ಆರಿಸಬೇಕೆಂದು ಅವಳಿಗೆ ಗೊತ್ತೇ ಇಲ್ಲ. ಗಂಡ ಸಾಲಿನಲ್ಲಿ ನಿಂತು ತಲೆ ಓರೆ ಮಾಡಿ ಏನನ್ನೋ ನೋಡುತ್ತಿದ್ದ. ಏನನ್ನು? ಇಪ್ಪತ್ತೊಂಬತ್ತು ವರ್ಷ ಅವನಿಗೆ ಹೊಲಕ್ಕೆ ಬುತ್ತಿ ಒಯ್ದು ಕೊಟ್ಟಿದ್ದಾಳೆ, ಒಂದು ಸಲವೂ ಕೇಳಿಲ್ಲ. ಇರುವುದೇ ಹದಿನೇಳು ಗಿಡ. ಕಂಡದ್ದನ್ನೆಲ್ಲ ಬೀಜಕ್ಕಿಟ್ಟರೆ ರೋಗದ್ದೂ ಸೊಟ್ಟದ್ದೂ ಸೇರಿಕೊಂಡು ತಳಿಯೇ ಕೆಡುತ್ತದೆ ಎಂದು ಅವನು ಗೊಣಗುತ್ತಿದ್ದುದು ಮಾತ್ರ ನೆನಪಿತ್ತು. ಆರಿಸುವುದನ್ನು ಮಾವನ ಕೈಕೆಳಗೆ ಕಲಿತವರು ಇಬ್ಬರೇ. ಒಬ್ಬ ಹೋದ. ಇನ್ನೊಬ್ಬಳು ಪಾಪು.

ಎರಡು ದಿನ ಹಿಂದೆಮುಂದೆ ನೋಡಿದಳು. ಮೂರನೆಯ ದಿನ ಬೆಳಿಗ್ಗೆ ಒಲೆಯ ಮೇಲೆ ಬೇಳೆ ಇಟ್ಟು, ಟೀಚರ ಫೋನಿನಿಂದ ನಾದಿನಿಗೆ ಫೋನ್ ಮಾಡಿದಳು. “ಶಾಲೆ ಹತ್ರ ಬಾ. ಈಗಲೇ.”

ನಾದಿನಿ ಏದುಸಿರು ಬಿಡುತ್ತಾ, ಕುಂಟುತ್ತಾ ಬಂದಳು. ಯಾರಿಗೋ ಏನೋ ಆಗಿದೆ ಎಂದುಕೊಂಡು ಅರ್ಧ ಅಳುವನ್ನು ದಾರಿಯಲ್ಲೇ ಮುಗಿಸಿಕೊಂಡು ಬಂದಿದ್ದಳು. ಬೂದಿಯಕ್ಕ ಅವಳನ್ನು ಪಾತಿಯ ಹತ್ತಿರ ಕರೆದುಕೊಂಡು ಹೋದಳು. ನಾದಿನಿ ಒಂದು ತೆನೆಯ ಮುಸುಕನ್ನು ಬೆರಳಲ್ಲಿ ಸರಿಸಿ ನೋಡಿದಳು. ನೇರಳೆ ಬಣ್ಣದ ಕಾಳು ಮಿರಿಮಿರಿ ಮಿಂಚಿದವು.

“ಅತ್ತಿಗೆ, ಅಣ್ಣನ ಜೋಳ! ಮಡಕೇಲಿದ್ದ ಬೀಜ ಇಲ್ಲಿ ಹಾಕಿದ್ಯಾ?”

“ಮಡಕೆಲಿ ಏನೂ ಇಲ್ಲ ಪಾಪು. ಯಾವತ್ತೂ ಇರಲಿಲ್ಲ. ಇದು ಅವರು ಹೋದ ವರ್ಷ ಟೀಚರಿಗೆ ಕೊಟ್ಟಿದ್ದ ಒಂದು ಹಿಡಿ. ಮನೇದು ನಾನು ಅವತ್ತೇ ಬೇಯಿಸಿಬಿಟ್ಟೆ. ಬಂದವರಿಗೆ ಬಡಿಸಿದ್ನಲ್ಲ, ಅದೇ. ನಿಂಗೆ ಇದೆ ಇದೆ ಅಂತ ಸುಳ್ಳು ಹೇಳ್ದೆ.”

ಹೇಳಿ, ಗೋಳಾಟ ಶುರುವಾಗಲಿ ಎಂದು ಕಾದಳು. ನಾದಿನಿ ತೆನೆಯ ಮುಸುಕನ್ನು ಮೊದಲಿನಂತೆ ಮುಚ್ಚಿದಳು. ಪಾತಿಯ ಅಂಚಿನ ಕಲ್ಲಿನ ಮೇಲೆ ನಿಧಾನವಾಗಿ ಕೂತಳು.

“ಬಲಗಡೆದನ್ನ ಇಳಿಸಿಕೊಟ್ಟವಳು ನಾನು, ಅತ್ತಿಗೆ.”

“ಏನು?”

“ಸ್ಟೂಲ್ ಹತ್ತಿದ್ದು ನಾನು. ಎಡಗಡೇದು ಮುಗೀತು, ಇನ್ನೂ ಬೇಕಾ ಅಂತ ಕೇಳ್ದೆ. ನೀನು ಕೈ ಚಾಚ್ದೆ. ಕೊಟ್ಟೆ. ಅಳ್ತಾ ಇದ್ದೆ, ಕಣ್ಣೇ ಕಾಣ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಅದೇ ಒಲೆ ಮುಂದೆ, ಎಡ ಯಾವುದು ಬಲ ಯಾವುದು ನನಗೆ ಗೊತ್ತಿಲ್ವಾ? ಎರಡು ದಿನ ಆದ್ಮೇಲೆ ನೆನಪಾಯ್ತು. ಎದೆ ಧಸಕ್ ಅಂತು.”

“ಮತ್ತೆ ತಿಂಗಳು ತಿಂಗಳು ಬಂದು ಬೀಜ ಬೀಜ ಅಂತ ನನ್ನ ಪ್ರಾಣ ಹಿಂಡಿದ್ಯಲ್ಲೇ?”

“ನೀನು ಇದೆ ಅಂತಿದ್ಯಲ್ಲ. ಹಾಗಾದ್ರೆ ಅತ್ತಿಗೆ ನೋಡ್ಕೊಂಡಿದ್ದಾಳೆ, ಒಂದಿಷ್ಟು ತೆಗೆದಿಟ್ಟಿದ್ದಾಳೆ ಅಂತ ಜೀವ ಬರ್ತಿತ್ತು. ನಾಲ್ಕು ದಿನ ಚೆನ್ನಾಗಿ ನಿದ್ದೆ ಬರ್ತಿತ್ತು. ಆಮೇಲೆ ಮತ್ತೆ ಅನುಮಾನ. ಮತ್ತೆ ಬಂದು ಕೇಳ್ತಿದ್ದೆ.”

ಬೂದಿಯಕ್ಕ ಅವಳ ಮುಖವನ್ನೇ ನೋಡುತ್ತಾ ನಿಂತಳು. ಏನಾದರೂ ಅನಿಸಬೇಕಿತ್ತು, ಅನಿಸಲಿಲ್ಲ. “ಆಯ್ತು” ಎಂದಳು. “ಆರಿಸೋದು ಹೇಗೆ ಅಂತ ಹೇಳು.” ಮಡಿಲಿಂದ ಬಟ್ಟೆಯ ಚೂರುಗಳನ್ನು ತೆಗೆದು ಕೊಟ್ಟಳು.

ನಾದಿನಿ ಮೂಗು ಒರೆಸಿಕೊಂಡು ಎದ್ದಳು. ಕೆಲಸ ಶುರುವಾದ ಮೇಲೆ ಅವಳ ದನಿಯೇ ಬೇರೆ. ದೊಡ್ಡ ತೆನೆ ಕಂಡು ಬಾಯಿ ಬಿಡಬೇಡ, ತುದಿ ತನಕ ಮುಸುಕು ಬಿಗಿಯಾಗಿ ಮುಚ್ಚಿದೆಯಾ ನೋಡು. ಮಾಗಿದಾಗ ಮೂತಿ ಕೆಳಗೆ ಮಾಡಿ ಜೋತು ಬೀಳಬೇಕು, ಆಗ ಮಳೆನೀರು ಒಳಗೆ ಇಳಿಯಲ್ಲ. ದಂಟು ಅಲ್ಲಾಡಿಸಿ ನೋಡು, ಬೇರು ಹಿಡಿದು ನಿಂತಿದೆಯಾ. ಹೀಗೆ ಹೇಳುತ್ತಾ ಮೂರು ಗಿಡಕ್ಕೆ ಚಿಂದಿ ಕಟ್ಟಿದಳು. ಬೂದಿಯಕ್ಕ ಹಿಂದೆ ಹಿಂದೆ ನಡೆದಳು. ನಾಲ್ಕನೆಯದನ್ನು ತಾನೇ ಆರಿಸೋಣವೆಂದು ಸಾಲಿನ ತುದಿಯಲ್ಲಿದ್ದ ದಪ್ಪ ತೆನೆಯ ಗಿಡಕ್ಕೆ ಕೈ ಹಾಕಿದಳು.

ನಾದಿನಿ ಅವಳ ಕೈ ಮೇಲೆ ಪಟ್ಟೆಂದು ಒಂದು ಕೊಟ್ಟಳು. “ಅಂಚಿನದು ಬೇಡ. ಬಿಸಿಲು, ಜಾಗ ಎಲ್ಲಾ ಬಿಟ್ಟಿ ಸಿಕ್ಕಿ ಕೊಬ್ಬಿರೋದು. ಗುಂಪಿನ ಮಧ್ಯೆ ನಿಂತು ಬೆಳೆದದ್ದು ಹಿಡಿ. ಅಷ್ಟೂ ಗೊತ್ತಾಗಲ್ವಾ?”

ಆ ಏಟು ಬೂದಿಯಕ್ಕನ ಕೈಗೆ ಉರಿಯಿತು. ನಿಜವಾಗಿ ಉರಿಯಿತು.

“ನೀನು ನಂಗೆ ಹೇಳಿಕೊಡ್ತೀಯಾ? ನೀನು!” ಎಂದು ಚೀರಿದಳು. ತರಗತಿಯೊಂದರಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳ ದನಿ ಗಪ್ಪೆಂದು ನಿಂತಿತು. “ಹತ್ತು ತಿಂಗಳು ಒಂದು ಮಾತು ಬಾಯಿ ಬಿಡಲಿಲ್ಲ ನೀನು. ನಾನೊಬ್ಬಳೇ ಪಾಪಿ ಅಂತ ದಿನಾ ಸಾಯ್ತಿದ್ದೆ. ಅಳೋದೊಂದು ಬರುತ್ತೆ ನಿಂಗೆ, ಅಳ್ತಾ ಅಳ್ತಾ ಮನೆ ಬೀಜ ಎಲ್ಲಾ ಇಳಿಸಿ ಕೊಟ್ಟೆ! ಅವರು ಇದ್ದಿದ್ರೆ ನಿನ್ನ ಆ ಸ್ಟೂಲ್ ಹತ್ರಕ್ಕೂ ಬಿಡ್ತಿರಲಿಲ್ಲ. ಅವರು ಇದ್ದಿದ್ರೆ ಕೈ ಹಿಡಿದು ಎಳೀತಿದ್ರು, ಬಲಗಡೆದು ಮುಟ್ಟಬೇಡ ಕಣೇ ಅಂತ ಕೂಗ್ತಿದ್ರು, ಅವರು ಇದ್ದಿದ್ರೆ...”

ಮಾತು ಅಲ್ಲಿಗೇ ನಿಂತಿತು. ಅವರು ಇಲ್ಲ. ಹತ್ತು ತಿಂಗಳಿಂದ ಇಲ್ಲ. ಊರೆಲ್ಲ ಬಂದು ಹೇಳಿ ಹೋದರೂ ಒಳಗಿಳಿಯದ ಸುದ್ದಿ ಈಗ ಈ ಮೂಲೆಯ ಪಾತಿಯಲ್ಲಿ ಅವಳನ್ನು ಮುಟ್ಟಿತು. ಸಾಲುಗಳ ನಡುವೆ ಹಸಿ ಮಣ್ಣಿನಲ್ಲಿ ಕೂತಳು. ಬಾಯಿಂದ ಹೊರಟ ದನಿ ಅವಳಿಗೇ ಗುರುತು ಸಿಗಲಿಲ್ಲ. ನಾದಿನಿ ಮಂಡಿನೋವನ್ನೂ ಮರೆತು ಪಕ್ಕದಲ್ಲಿ ಕುಕ್ಕರಿಸಿ, ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಆಶ್ಚರ್ಯವೆಂದರೆ ಈ ಸಲ ಪಾಪು ಅಳಲಿಲ್ಲ. “ಅಳು ಅತ್ತಿಗೆ, ಅಳು” ಎಂದಷ್ಟೇ ಹೇಳುತ್ತಿದ್ದಳು.

ಅಡುಗೆಮನೆಯಿಂದ ಬೇಳೆ ಸೀದ ವಾಸನೆ ಬಂತು. “ಏನಮ್ಮ, ಏನೋ ಹತ್ತಿದೆ ನೋಡು!” ಎಂದು ಹೆಡ್‌ಮಾಸ್ಟರು ಜಗಲಿಯಿಂದ ಕೂಗಿದರು. ಇನ್ನೊಂದು ಸಲ ಕೂಗಿದರು. ಬೂದಿಯಕ್ಕನಿಗೆ ಕೇಳಿಸಿತು, ಆದರೂ ಏಳಲಿಲ್ಲ. ಕೊನೆಗೆ ತೋಟದ ಟೀಚರೇ ಓಡಿ ಹೋಗಿ ಒಲೆ ಆರಿಸಿದರು.